ಕಲ್ಲೆಸೆದ ಬಾಲಕ ಕಲಿಸುವ ಪಾಠ



ಅನ್ಸಾರರ ಖರ್ಜೂರದ ಮರಗಳಿಗೆ ಬಾಲಕನೊಬ್ಬ ಕಲ್ಲೆಸೆಯುತ್ತಿದ್ದ. ಜನ ಅವನನ್ನು ಹಿಡಿದು ಪ್ರವಾದಿವರ್ಯರ(ಸ) ಮುಂದೆ ತಂದು ನಿಲ್ಲಿಸಿದರು. ಅವರು ಮೊದಲು ಕೇಳಿದ್ದು ಕಾರಣವನ್ನು. ತಿನ್ನಲಿಕ್ಕಾಗಿ ಕಲ್ಲೆಸೆದೆ ಎಂದ ಬಾಲಕ. ಕಲ್ಲೆಸೆಯಬಾರದು, ಕೆಳಗೆ ಉದುರಿದ್ದನ್ನು ತಿನ್ನಬೇಕೆಂದು ಅವನಿಗೆ ತಿಳಿಹೇಳಿದರು. ಬಳಿಕ ತಲೆ ನೇವರಿಸಿ, ಅವನ ಹೊಟ್ಟೆ ತುಂಬಿಸುವಂತೆ ಅಲ್ಲಾಹನಲ್ಲಿ ಪ್ರಾರ್ಥಿಸಿದರು. ಆ ಬಾಲಕನೇ ಹ. ರಾಫಿ ಬಿನ್ ಅಮ್ರ್(ರ). ಅಬೂದಾವೂದ್ ಮತ್ತು ತಿರ್ಮಿದಿಯವರ ಸಂಗ್ರಹಗಳಲ್ಲಿ ಈ ಘಟನೆಯಿದೆ.

ಇಲ್ಲಿ ತಪ್ಪನ್ನು ತಪ್ಪೆಂದೇ ಹೇಳಲಾಯಿತು. ಆದರೆ ಬಾಲಕನಿಗೆ ಕಳ್ಳನೆಂಬ ಹಣೆಪಟ್ಟಿ ಅಂಟಲಿಲ್ಲ. ಕಾರಣ ಕೇಳುವುದು, ಬೇರೆ ದಾರಿ ತೋರಿಸುವುದು, ಮಾನ ಉಳಿಸುವುದು: ಈ ಮೂರೂ ಅಲ್ಲಿದ್ದವು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದ 2015ರ ಬಾಲ ನ್ಯಾಯ ಕಾಯ್ದೆಯೂ ಇದೇ ದಾರಿ ಹಿಡಿದಿದೆ. ಹದಿನೆಂಟು ತುಂಬದ ಮಕ್ಕಳನ್ನು ಸಾಧ್ಯವಾದಷ್ಟು ಕೋರ್ಟು ಕಟ್ಟಳೆಯಿಂದ ಹೊರಗಿಟ್ಟು ತಿದ್ದಬೇಕೆಂಬುದು ಅದರ ಮೂಲತತ್ವಗಳಲ್ಲೊಂದು. 2016ರ ಮಾದರಿ ನಿಯಮಗಳ ಪ್ರಕಾರ, ಘೋರ ಅಪರಾಧವಲ್ಲದಿದ್ದರೆ ಮತ್ತು ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ ಎಫ್‌ಐಆರ್ ಹಾಕುವಂತಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಮಗುವಿನ ಮನೆ, ಶಾಲೆ, ಸಹವಾಸದ ವಿವರವನ್ನು ಬಾಲ ನ್ಯಾಯ ಮಂಡಳಿಗೆ ಕಳುಹಿಸಬೇಕು. ಮಗುವನ್ನು ಲಾಕಪ್ಪಿಗೆ ಹಾಕಕೂಡದು, ಕೈಕೋಳ ತೊಡಿಸಕೂಡದು. ಹಿಡಿದರೆ 24 ಗಂಟೆಯೊಳಗೆ ಮಂಡಳಿಯ ಮುಂದೆ ತರಬೇಕು.

ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಸೇವಕರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಬುದ್ಧಿಮಾತು, ಸಮಾಲೋಚನೆ, ಸಮುದಾಯ ಸೇವೆ, ಸನ್ನಡತೆಯ ಮೇಲೆ ಬಿಡುಗಡೆ ಇವೆಲ್ಲ ಅದರ ಕೈಯಲ್ಲಿವೆ. ಸಣ್ಣ ಅಪರಾಧದ ವಿಚಾರಣೆ ನಾಲ್ಕು ತಿಂಗಳಲ್ಲಿ, ಹೆಚ್ಚೆಂದರೆ ಮತ್ತೆರಡು ತಿಂಗಳಲ್ಲಿ ಮುಗಿಯದಿದ್ದರೆ ಅದನ್ನು ಕೈಬಿಡಬೇಕು. ಹದಿನಾರು ದಾಟಿದವರ ಘೋರ ಅಪರಾಧದ ಮಾತು ಬೇರೆ.

ಹಣ ಯಾರದು?

ಈ ವ್ಯವಸ್ಥೆ ನಡೆಯುವುದು ಸಾರ್ವಜನಿಕ ಹಣದಿಂದ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ನಮ್ಮಂಥ ರಾಜ್ಯಗಳಿಗೆ ಕೇಂದ್ರ ಶೇ. 60, ರಾಜ್ಯ ಶೇ. 40 ಕೊಡುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ನಡೆಯುವುದು ಅದರಿಂದಲೇ. ಬೆಂಕಿಪೆಟ್ಟಿಗೆ ಕೊಳ್ಳುವ ಬಡವನ ತೆರಿಗೆಯೂ ಅದರಲ್ಲಿ ಸೇರಿದೆ. ಆದರೆ 2025ರಲ್ಲಿ ಪ್ರಕಟವಾದ ಇಂಡಿಯಾ ಜಸ್ಟಿಸ್ ರಿಪೋರ್ಟ್ ಅಧ್ಯಯನದಂತೆ, ದೇಶದಲ್ಲಿ ಮಾಹಿತಿ ಸಿಕ್ಕ ಮಂಡಳಿಗಳ ಮುಂದಿದ್ದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಾಕಿ ಉಳಿದಿದ್ದವು. ಮಗುವಿನ ಮನೆಗೆ ಹೋಗಿ ಕಾರಣ ಕೇಳುವ ಅಧಿಕಾರಿಯೇ ಇಲ್ಲದಿದ್ದರೆ ಕಾಯ್ದೆ ಕಾಗದದಲ್ಲೇ ಉಳಿಯುತ್ತದೆ. ಆ ಸಂಬಳಕ್ಕೆ ಹಣ ಕೊಡಿ ಎಂದು ನಮ್ಮ ಶಾಸಕರನ್ನು ಕೇಳುವುದು ರಾಜಕೀಯವಲ್ಲ, ಅಮಾನತ್ತಿನ ಲೆಕ್ಕ ಕೇಳುವುದು.

ಹೊಸಕೋಟೆಯ ಪೋಷಕರಿಗೆ

ಹೊಸಕೋಟೆಯಂಥ ಹೆದ್ದಾರಿ ಬದಿಯ ಊರಿನಲ್ಲಿ ಹುಡುಗರಿಗೆ ಮೊದಲ ಎಡವು ಹೆಚ್ಚಾಗಿ ಬೈಕಿನಿಂದಲೇ. ಮೀಸೆ ಮೂಡುವ ಮೊದಲೇ ಮಗನ ಕೈಗೆ ಬೀಗದಕೈ ಕೊಡುವ ತಂದೆ ತಿಳಿದಿರಲಿ: 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಂತೆ ಪೋಷಕನಿಗೆ ಅಥವಾ ವಾಹನದ ಮಾಲೀಕನಿಗೆ ಮೂರು ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡ ಉಂಟು. ಮಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ.

ಇಷ್ಟಾಗಿಯೂ ಮಗು ಎಡವಿದರೆ ಏನು ಮಾಡಬೇಕು? ಅವಮಾನವಾಯಿತೆಂದು ಮನೆಯಿಂದ ಅಟ್ಟಬೇಡಿ. ಮಧ್ಯವರ್ತಿಗಳಿಗೆ ಹಣ ಕೊಟ್ಟು ಮುಚ್ಚಿಹಾಕಲೂ ಹೋಗಬೇಡಿ. ತಪ್ಪು ಹಣದಿಂದ ಅಳಿಯುತ್ತದೆಂಬ ಪಾಠವನ್ನು ಅದು ಕಲಿಸುತ್ತದೆ. ವಯಸ್ಸಿನ ದಾಖಲೆಯೊಂದಿಗೆ ಠಾಣೆಗೆ ಹೋಗಿ, ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯನ್ನು ಕೇಳಿ. ಕಾನೂನು ಸೇವಾ ಸಮಿತಿಯಿಂದ ಮಕ್ಕಳಿಗೆ ವಕೀಲರ ನೆರವು ಉಚಿತ. ಮೊಹಲ್ಲಾದ ಹಿರಿಯರು ಆ ಹುಡುಗನಿಗೆ ಕೆಲಸ ಕಲಿಸಲಿ, ಶಾಲೆಗೆ ಮರಳಿ ಸೇರಿಸಲಿ. ಉದುರಿದ ಖರ್ಜೂರವನ್ನು ತೋರಿಸುವುದೆಂದರೆ ಇದೇ.

ತಪ್ಪಿದ ಮಕ್ಕಳ ತಲೆಯ ಮೇಲೆ ಕೈಯಿಡುವ ಮನಸ್ಸನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.