ಗಮನದ ತೂಬು: ಎಡಿಎಚ್‌ಡಿ ಇರುವ ಮಕ್ಕಳನ್ನು ಅರಿಯುವ ಬಗೆ

"ಮೊಬೈಲ್ ಕೊಟ್ರ ಎರಡು ತಾಸು ಅಲುಗಾಡೂದಿಲ್ಲರಿ. ಪುಸ್ತಕ ತಗಿ ಅಂದ್ರ ಐದು ನಿಮಿಷಕ್ಕೊಮ್ಮೆ ನೀರು ಬೇಕು, ಪೆನ್ಸಿಲ್ ಮುರೀತು ಅಂತಾನ. ಶಾಣ್ಯಾ ಅದಾನ್ರಿ, ಬೇಕಂತನ ಮಾಡ್ತಾನ." ಹತ್ತು ವರ್ಷದ ಮಗನನ್ನು ಚಿಕಿತ್ಸಾಲಯಕ್ಕೆ ಕರೆತಂದಿದ್ದ ತಾಯಿಯೊಬ್ಬರ ಮಾತಿದು. ಪಕ್ಕದಲ್ಲಿದ್ದ ತಂದೆ ತಲೆ ತಗ್ಗಿಸಿ ಕುಳಿತಿದ್ದರು. ಹುಡುಗನ ಮೀನಖಂಡದ ಮೇಲೆ ಬೆತ್ತದ ಬಾಸುಂಡೆಗಳಿದ್ದವು. ಅವನನ್ನೊಬ್ಬನನ್ನೇ ಕೂರಿಸಿಕೊಂಡು ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ನಾ ಕೆಟ್ಟ ಹುಡುಗ ಅದೇನ್ರಿ."

ತಾಯಿಯ ಮಾತಿನಲ್ಲಿ ಎರಡು ಭಾಗಗಳಿವೆ. ಆಟದಲ್ಲಿ ಕೂರುತ್ತಾನೆ, ಪಾಠದಲ್ಲಿ ಕೂರುವುದಿಲ್ಲ ಎಂಬುದು ಅವರು ಕಣ್ಣಾರೆ ಕಂಡ ಸತ್ಯ. ಆದ್ದರಿಂದ ಬೇಕೆಂದೇ ಮಾಡುತ್ತಾನೆ ಎಂಬುದು ಆ ಸತ್ಯದಿಂದ ತೆಗೆದ ತಪ್ಪು ತೀರ್ಮಾನ. ಈ ಒಂದು ತೀರ್ಮಾನದಿಂದ ಎಷ್ಟು ಮಕ್ಕಳು ಏಟು ತಿಂದಿದ್ದಾರೋ ಲೆಕ್ಕವಿಲ್ಲ.

ಎಡಿಎಚ್‌ಡಿ ಎಂಬ ಹೆಸರನ್ನು ಕನ್ನಡದಲ್ಲಿ 'ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ' ಎಂದು ಹೇಳುವುದುಂಟು. ನನ್ನ ದೃಷ್ಟಿಯಲ್ಲಿ 'ಕೊರತೆ' ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸಿದೆ. ಕೆರೆಯಲ್ಲಿ ನೀರು ತುಂಬಿದೆ, ತೂಬು ಮಾತ್ರ ಹೇಳಿದಂತೆ ಕೇಳುತ್ತಿಲ್ಲ ಎಂದು ಭಾವಿಸಿ. ಬೇಕಾದ ಗದ್ದೆಗೆ ನೀರು ಹರಿಯುವುದಿಲ್ಲ, ಬೇಡದ ಕಡೆ ಧಾರಾಳವಾಗಿ ಹರಿಯುತ್ತದೆ, ನಿಲ್ಲಿಸಬೇಕೆಂದಾಗ ನಿಲ್ಲುವುದಿಲ್ಲ. ಈ ಮಕ್ಕಳ ಗಮನವೂ ಹಾಗೆಯೇ.

ವೈದ್ಯಲೋಕವೂ ಇದನ್ನು ಅರಿಯಲು ಬಹಳ ಕಾಲ ತೆಗೆದುಕೊಂಡಿತು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ತಮ್ಮ ಉಪನ್ಯಾಸಗಳಲ್ಲಿ ಇಂಥ ಮಕ್ಕಳನ್ನು ವರ್ಣಿಸಿದರು. ಅವರಲ್ಲಿ ಹಲವರ ಬುದ್ಧಿಶಕ್ತಿಗೆ ಕುಂದಿಲ್ಲವೆಂದು ಗುರುತಿಸಿದರೂ, ತೊಂದರೆಗೆ ಅವರು ಕೊಟ್ಟ ಹೆಸರು 'ನೈತಿಕ ನಿಯಂತ್ರಣದ ದೋಷ'. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ 'ಗಮನದ ಕೊರತೆ' ಎಂಬ ಹೆಸರು ಬಂದದ್ದು 1980ರಲ್ಲಿ. ನೀತಿಯ ಮಾತು ಪುಸ್ತಕದಿಂದ ಹೋಯಿತು. ಮನೆಗಳಿಂದ, ಶಾಲೆಗಳಿಂದ ಇನ್ನೂ ಹೋಗಿಲ್ಲ.

ಗಮನವನ್ನು ಆಳುವುದರಲ್ಲಿ ಮೂರು ಕೆಲಸಗಳಿವೆ: ತೊಡಗುವುದು, ಹಿಡಿದಿಡುವುದು, ಬಿಡುವುದು. ನಮಗೆ ಕಾಣುವುದು ನಡುವಿನದು ಮಾತ್ರ. ಆದರೆ ಇಂಥ ಮಗುವಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಬಹುಮಟ್ಟಿಗೆ ತೊಡಗುವುದೇ. ಪುಸ್ತಕ ತೆರೆದಿದೆ, ಲೆಕ್ಕ ಎದುರಿಗಿದೆ, ಮಾಡಬೇಕೆಂಬ ಮನಸ್ಸೂ ಇದೆ, ಕೈ ಮುಂದುವರಿಯುವುದಿಲ್ಲ. ಹೊರಗೆ ನಿಂತು ನೋಡುವವರಿಗೆ ಅದು ಸೋಮಾರಿತನವಾಗಿ ಕಾಣುತ್ತದೆ. ಬಿಡುವುದೂ ಅಷ್ಟೇ ಕಠಿಣ. ಚಿತ್ರ ಬರೆಯುತ್ತಿರುವ ಮಗುವನ್ನು ಊಟಕ್ಕೆ ನಾಲ್ಕು ಸಲ ಕೂಗಿದರೂ ಓಗೊಡದಿದ್ದರೆ ಅದು ಉದ್ಧಟತನವೆಂದು ತಿಳಿಯಬೇಕಾಗಿಲ್ಲ. ಕೂಗು ನಿಜವಾಗಿಯೂ ಒಳಗೆ ತಲುಪಿರಲಿಕ್ಕಿಲ್ಲ.

ಇದಕ್ಕೆ ಕಾರಣ ಮಿದುಳಿನಲ್ಲಿದೆ. ಹಣೆಯ ಹಿಂಭಾಗದಲ್ಲಿರುವ ಮಿದುಳಿನ ಮುಂಭಾಗವು ನಮ್ಮ ಗಮನಕ್ಕೆ ಯಜಮಾನನಿದ್ದಂತೆ. ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಅದರ ಕೆಲಸಕ್ಕೆ ಬೇಕು. 'ಈ ಕೆಲಸ ಮಾಡಿದರೆ ಮುಂದೆ ಒಳಿತಾಗುವುದು' ಎಂಬ ದೂರದ ಫಲವನ್ನು ನೆನೆದು, ರುಚಿಸದ ಕೆಲಸದಲ್ಲಿ ಮನಸ್ಸನ್ನು ನಿಲ್ಲಿಸುವುದು ಈ ವ್ಯವಸ್ಥೆಯ ಬಲದಿಂದ. ಎಡಿಎಚ್‌ಡಿ ಇರುವವರಲ್ಲಿ ಈ ವ್ಯವಸ್ಥೆ ಬೇರೆ ರೀತಿಯಲ್ಲಿ ನಡೆಯುತ್ತದೆ. ದೂರದ ಫಲ ಅವರನ್ನು ಎಳೆಯುವುದಿಲ್ಲ. ಕೂಡಲೇ ದೊರೆಯುವ ಫಲ, ಹೊಸತನ, ಸ್ಪರ್ಧೆ, ಕೊನೆಯ ಗಳಿಗೆಯ ಒತ್ತಡ ಇವು ಎಳೆಯುತ್ತವೆ. ಮೊಬೈಲ್ ಆಟ ಕ್ಷಣಕ್ಕೊಂದು ಬಹುಮಾನ ಕೊಡುತ್ತದೆ. ಭಾಗಾಕಾರ ಏನು ಕೊಡುತ್ತದೆ? ಹೀಗಾಗಿ ಆಟದಲ್ಲಿ ಕೂರುವುದು ತೊಂದರೆಯಿಲ್ಲ ಎಂಬುದಕ್ಕೆ ಸಾಕ್ಷಿಯಾಗಲಾರದು.

2007ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಮಕ್ಕಳ ಮಿದುಳಿನ ಹೊರಪದರವನ್ನು ಹಲವು ವರ್ಷಗಳ ಕಾಲ ಅಳೆದು ನೋಡಿದ ಫಲಿತಾಂಶವನ್ನು ಪ್ರಕಟಿಸಿದರು. ಆ ಪದರ ಗರಿಷ್ಠ ದಪ್ಪವನ್ನು ಮುಟ್ಟುವ ವಯಸ್ಸು ಇತರ ಮಕ್ಕಳಲ್ಲಿ ಸುಮಾರು ಏಳೂವರೆ. ಎಡಿಎಚ್‌ಡಿ ಇರುವವರಲ್ಲಿ ಸುಮಾರು ಹತ್ತೂವರೆ. ಬೆಳವಣಿಗೆಯ ಕ್ರಮ ಅದೇ, ವೇಗ ನಿಧಾನ. ಹತ್ತು ವರ್ಷದ ಈ ಹುಡುಗನಿಂದ ಗಮನದ ವಿಷಯದಲ್ಲಿ ಏಳು ವರ್ಷದವನ ಸಂಯಮವನ್ನು ಮಾತ್ರ ನಿರೀಕ್ಷಿಸಿ ಎಂದು ನಾನು ಪಾಲಕರಿಗೆ ಹೇಳುವುದುಂಟು. ಇದು ಕರಾರುವಾಕ್ಕಾದ ಲೆಕ್ಕವಲ್ಲ, ಆದರೆ ಸಿಟ್ಟನ್ನು ಇಳಿಸುತ್ತದೆ.

ಭಕ್ತರಲ್ಲಿ ಕೆಲವರು ಕೇಳಬಹುದು: ಪೂಜೆಗೆ ಕುಳಿತಾಗ ನಮ್ಮ ಮನಸ್ಸೂ ಅಲೆಯುತ್ತದಲ್ಲ, ನಮಗೂ ಈ ತೊಂದರೆಯೇ? ಮನಸ್ಸು ಅಲೆಯುವುದು ಎಲ್ಲರ ಅನುಭವ. ವೈದ್ಯರು ನೋಡುವುದು ತೀವ್ರತೆಯನ್ನು. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿರಬೇಕು, ಕನಿಷ್ಠ ಆರು ತಿಂಗಳು ಇರಬೇಕು, ಮನೆ ಮತ್ತು ಶಾಲೆಯಂತಹ ಎರಡು ಕಡೆಗಳಲ್ಲಾದರೂ ತೋರಬೇಕು, ಬದುಕಿಗೆ ಅಡ್ಡಿಯಾಗಬೇಕು. ಇದನ್ನು ಪತ್ತೆಹಚ್ಚುವ ರಕ್ತಪರೀಕ್ಷೆಯಾಗಲಿ, ಸ್ಕ್ಯಾನ್ ಆಗಲಿ ಇಲ್ಲ. ನಿದ್ರೆಯ ಕೊರತೆ, ಕಿವಿ ಅಥವಾ ಕಣ್ಣಿನ ದೋಷ, ಕಲಿಕೆಯ ತೊಂದರೆ, ಮನೆಯೊಳಗಿನ ಭಯ ಇವೂ ಇದೇ ರೂಪದಲ್ಲಿ ತೋರಬಹುದಾದ್ದರಿಂದ ಮೊದಲು ಅವನ್ನು ಪರಿಶೀಲಿಸಬೇಕು.

ಜಗತ್ತಿನಲ್ಲಿ ಸುಮಾರು ಶೇ. 5ರಷ್ಟು ಮಕ್ಕಳಿಗೆ ಇದು ಇದೆಯೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಹೆಣ್ಣುಮಕ್ಕಳಲ್ಲಿ ಓಡಾಟ ಕಡಿಮೆ, ಒಳಗೊಳಗೇ ಕಳೆದುಹೋಗುವುದು ಹೆಚ್ಚು. ತರಗತಿಯಲ್ಲಿ ಸದ್ದು ಮಾಡದ ಹುಡುಗಿಯ ಬಗ್ಗೆ ಯಾರೂ ದೂರು ತರುವುದಿಲ್ಲ. ವಂಶವಾಹಿಗಳ ಪಾತ್ರವೂ ದೊಡ್ಡದು. ಆ ದಿನ ಇದನ್ನು ವಿವರಿಸುತ್ತಿದ್ದಾಗ ಹುಡುಗನ ತಂದೆ ಮೊದಲ ಬಾರಿಗೆ ತಲೆ ಎತ್ತಿದರು. "ನಾನೂ ಹಿಂಗ ಇದ್ದೆರಿ. ನಮ್ಮಪ್ಪ ಕಂಬಕ್ಕ ಕಟ್ಟಿ ಹೊಡೀತಿದ್ದ" ಎಂದರು.

ಇನ್ನು ಪರಿಹಾರದ ಮಾತು. ಸಕ್ಕರೆ, ಬೆಲ್ಲ ಬಿಡಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆಗೆ ಸಂಶೋಧನೆಯ ಆಧಾರವಿಲ್ಲ. ತೂಬು ಒಳಗಿನಿಂದ ಕೇಳದಿದ್ದಾಗ ಹೊರಗಿನಿಂದ ಆಸರೆ ಕೊಡಬೇಕು. ಅಂಗಡಿಗೆ ಕಳಿಸುವಾಗ ಕರ್ಪೂರ, ಊದಿನಕಡ್ಡಿ, ಎಣ್ಣೆ ಎಂದು ಮೂರನ್ನು ಬಾಯಲ್ಲಿ ಹೇಳಿದರೆ ಒಂದೇ ಬರುತ್ತದೆ. ಚೀಟಿ ಬರೆದು ಕೊಡಿ. ಹತ್ತು ಲೆಕ್ಕಗಳ ಬದಲು ಮೂರು ಕೊಟ್ಟು, ಮುಗಿದ ಕೂಡಲೇ ನೋಡಿ, ಕೂಡಲೇ ಮೆಚ್ಚಿ. ಸಂಜೆಯ ಮೆಚ್ಚುಗೆ ಈ ಮಗುವಿಗೆ ಬಹಳ ತಡ. ಆಟ ನಿಲ್ಲಿಸಲು ಹೇಳುವಾಗ ದೂರದಿಂದ ಕೂಗದೆ, ಹತ್ತಿರ ಹೋಗಿ ಭುಜ ಮುಟ್ಟಿ ಹೇಳಿ. ಗಡಿಯಾರ ಕಣ್ಣೆದುರಿರಲಿ. ಶಾಲೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಲು ಶಿಕ್ಷಕರನ್ನು ಕೇಳಿಕೊಳ್ಳಿ. ಧ್ಯಾನ ಕಲಿಸುವುದಾದರೆ ಕಲಿಸಿ, ಅದನ್ನೇ ಚಿಕಿತ್ಸೆಯೆಂದು ತಿಳಿಯಬೇಡಿ. ಶಿಕ್ಷೆಯಾಗಿ ಧ್ಯಾನಕ್ಕೆ ಕೂರಿಸುವುದಂತೂ ಬೇಡವೇ ಬೇಡ.

ಔಷಧಿಯೂ ಇದೆ. ಮೀಥೈಲ್‌ಫೆನಿಡೇಟ್ 1944ರಲ್ಲಿ ಸಿದ್ಧವಾದ ಔಷಧಿ, ಆಟೊಮಾಕ್ಸೆಟಿನ್ ಇನ್ನೊಂದು. ಇವು ಮಗುವನ್ನು ಮಂಪರಿಗೆ ದೂಡುವ ಮಾತ್ರೆಗಳೆಂಬ ಭಯ ಅನೇಕರಿಗಿದೆ. ವಾಸ್ತವದಲ್ಲಿ ಇವು ಮಿದುಳಿನ ಆ ಯಜಮಾನನಿಗೆ ಬಲ ತುಂಬುವಂಥವು. ಹಸಿವು, ನಿದ್ರೆ ಕಡಿಮೆಯಾಗಬಹುದು. ತೂಕ, ಎತ್ತರ, ನಾಡಿ, ರಕ್ತದೊತ್ತಡಗಳನ್ನು ವೈದ್ಯರು ಆಗಾಗ ನೋಡುತ್ತಿರಬೇಕು. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ಪಾಲಕರಿಗೆ ತರಬೇತಿ, ಔಷಧಿ ಆಮೇಲೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ಗಳಲ್ಲಿ ಹಾಗೂ ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿ ಸಲಹೆ ಪಡೆಯಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆ ಹುಡುಗ ಈಗ ತಿಂಗಳಿಗೊಮ್ಮೆ ಬರುತ್ತಾನೆ. ಜಾತ್ರೆಯ ದಾಸೋಹದಲ್ಲಿ ಪಂಕ್ತಿಯಿಂದ ಪಂಕ್ತಿಗೆ ಓಡಾಡಿ ಎರಡು ತಾಸು ನೀರು ಬಡಿಸಿದನೆಂದು ತಾಯಿ ಸಂತೋಷದಿಂದ ಹೇಳಿದರು. ಲೆಕ್ಕ ಮಾಡುವಾಗ ಅವನು ಕೂರುವುದಿಲ್ಲವಂತೆ. ಅಟ್ಟದ ಏಣಿಯ ಮೆಟ್ಟಿಲ ಮೇಲೆ ಪುಸ್ತಕವಿಟ್ಟು, ನಿಂತುಕೊಂಡೇ ಮೂರು ಲೆಕ್ಕ ಮುಗಿಸಿ ತಂದೆಗೆ ತೋರಿಸಿ, ಅಂಗಳದಲ್ಲಿ ಒಂದು ಸುತ್ತು ಓಡಿ ಬಂದು, ಮತ್ತೆ ಮೂರು ಮಾಡುತ್ತಾನಂತೆ.