ಅಧಿಕಾರಸ್ಥಾನದಲ್ಲಿ ಸ್ತ್ರೀ: ಆತ್ಮವಿಶ್ವಾಸದ ವಿಚಾರ

ಕಾಯಕಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂಬುದು ಶರಣರ ಸಿದ್ಧಾಂತ. ಈ ಮಾತನ್ನು ಬಾಯಲ್ಲಿ ಒಪ್ಪದವರು ವಿರಳ. ಆದರೆ ಹೆಣ್ಣುಮಗಳು ತಾನು ಕಾಯಕ ಮಾಡುವುದಲ್ಲದೆ ಇತರರಿಂದಲೂ ಮಾಡಿಸುವ ಸ್ಥಾನಕ್ಕೆ ಏರಿದಾಗ, ಒಪ್ಪಿದವರ ಮನಸ್ಸೂ ಒಮ್ಮೆ ಅಳುಕುತ್ತದೆ. ಇಂದು ಸದ್ಭಕ್ತರ ಮನೆಗಳ ಎಷ್ಟೋ ಹೆಣ್ಣುಮಕ್ಕಳು ಬ್ಯಾಂಕುಗಳಲ್ಲಿಯೂ ಕಂಪೆನಿಗಳಲ್ಲಿಯೂ ಮ್ಯಾನೇಜರುಗಳಾಗಿದ್ದಾರೆ. ಅವರಿಗೆ ಎದುರಾಗುವ ತೊಡಕು ಯಾವುದು, ಅದಕ್ಕೆ ಪರಿಹಾರವೇನು ಎಂಬುದನ್ನು ಗೃಹಸ್ಥರು ವಿಚಾರಿಸಬೇಕಾಗಿದೆ.

ತೊಡಕು ಎರಡು ಬಗೆಯದು. ಒಂದು ಹೊರಗಿನದು, ಮತ್ತೊಂದು ಒಳಗಿನದು.

ಹೊರಗಿನದನ್ನು ಅಮೆರಿಕದ ಸಮಾಜಶಾಸ್ತ್ರಜ್ಞೆ ರೋಸಬೆತ್ ಮಾಸ್ ಕ್ಯಾಂಟರ್ ಅವರು 1977ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದರು. ಬಹುಮಂದಿ ಪುರುಷರ ನಡುವೆ ಒಬ್ಬಿಬ್ಬರೇ ಸ್ತ್ರೀಯರಿದ್ದಲ್ಲಿ ಅವರ ನಡೆನುಡಿಯೆಲ್ಲವೂ ಎಲ್ಲರ ಕಣ್ಣಿಗೆ ಬೀಳುತ್ತದೆ; ಅವರನ್ನು ವ್ಯಕ್ತಿಗಳೆಂದು ಕಾಣದೆ ಸ್ತ್ರೀಕುಲಕ್ಕೆಲ್ಲ ಮಾದರಿಯೆಂದು ಕಾಣುತ್ತಾರೆ. ಪುರುಷನು ತಪ್ಪಿದರೆ ಅವನೊಬ್ಬನು ತಪ್ಪಿದನೆನ್ನುವರು. ಆಕೆ ತಪ್ಪಿದರೆ ಹೆಂಗಸರಿಗೆ ಈ ಕೆಲಸ ಆಗದೆನ್ನುವರು. ಗಟ್ಟಿಯಾಗಿ ನುಡಿದರೆ ಗಯ್ಯಾಳಿ, ಮೆಲ್ಲನೆ ನುಡಿದರೆ ಕೈಲಾಗದವಳು ಎಂಬ ಎರಡಲಗಿನ ಕತ್ತಿ ಆಕೆಯ ತಲೆಯ ಮೇಲೆ ತೂಗುತ್ತಿರುತ್ತದೆ.

ಒಳಗಿನ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. 1978ರಲ್ಲಿ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಇದನ್ನು ಗುರುತಿಸಿ ಬರೆದರು. ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ಉನ್ನತಿ ಪಡೆದ ಸ್ತ್ರೀಯರೂ ತಮ್ಮ ಗೆಲವು ಅದೃಷ್ಟದಿಂದ ಬಂದುದೆಂದು ಬಗೆಯುತ್ತಿದ್ದರು; ತಮ್ಮ ಅಯೋಗ್ಯತೆ ಎಂದಾದರೊಂದು ದಿನ ಬಯಲಾದೀತೆಂದು ಒಳಗೇ ಅಂಜುತ್ತಿದ್ದರು. ಈ ಅಂಜಿಕೆ ಹುಟ್ಟಿನಿಂದ ಬಂದ ದೌರ್ಬಲ್ಯವಲ್ಲ. ಬಾಲ್ಯದಿಂದ ಕಿವಿಗೆ ಬಿದ್ದ ಮಾತುಗಳೇ ಒಳಗೆ ಬೇರುಬಿಟ್ಟು ಸ್ವಂತ ಧ್ವನಿಯಂತೆ ಕೇಳಿಸುತ್ತವೆ.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು: ಅಹಂಕಾರವನ್ನು ಅಳಿದು ಕಿಂಕರನಾಗಬೇಕೆಂದು ಶರಣರು ಬೋಧಿಸಿರಲು, ಹೆಣ್ಣುಮಕ್ಕಳಿಗೆ ಆತ್ಮವಿಶ್ವಾಸವನ್ನು ಬೋಧಿಸುವುದು ಅಹಂಕಾರಕ್ಕೆ ನೀರೆರೆದಂತಾಗದೆ?

ಸಮಾಧಾನವೇನೆಂದರೆ, ಅಹಂಕಾರ ಬೇರೆ, ಆತ್ಮವಿಶ್ವಾಸ ಬೇರೆ. ಇಲ್ಲದ ಗುಣವನ್ನು ಉಂಟೆನ್ನುವುದು ಅಹಂಕಾರ. ಉಳ್ಳ ಗುಣವನ್ನು ಇಲ್ಲವೆನ್ನುವುದು ವಿನಯವಲ್ಲ, ಅದೂ ಅಸತ್ಯವೇ. ಆಯ್ದಕ್ಕಿ ಲಕ್ಕಮ್ಮನ ಚರಿತ್ರೆಯನ್ನು ಸ್ಮರಿಸಿರಿ. ಕಲ್ಯಾಣದಲ್ಲಿ ಪತಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆಕೆ ಅದನ್ನು ಒಪ್ಪದೆ ಹಿಂದಿರುಗಿಸಿ ಬರಲು ಹೇಳಿದಳು. ಆಕೆಗೆ ಪದವಿಯೂ ಇರಲಿಲ್ಲ, ಸಂಪತ್ತೂ ಇರಲಿಲ್ಲ. ಕಾಯಕದ ಮರ್ಮವನ್ನು ಬಲ್ಲೆನೆಂಬ ನಿಶ್ಚಯವೊಂದೇ ಆಕೆಯ ಬಲ. ಅಧಿಕಾರದಿಂದ ವಿಶ್ವಾಸ ಬರುವುದಿಲ್ಲ; ಕಾಯಕದ ಅರಿವಿನಿಂದ ಬಂದ ವಿಶ್ವಾಸವೇ ಅಧಿಕಾರಕ್ಕೆ ಶೋಭೆ.

ಈ ಕಾಲದಲ್ಲಿಯೂ ದೃಷ್ಟಾಂತಗಳುಂಟು. ಬೆಂಗಳೂರಿನ ಕಿರಣ್ ಮಜುಂದಾರ್ ಶಾ ಅವರು ಆಸ್ಟ್ರೇಲಿಯಾದ ಬಲ್ಲಾರಟ್ಟಿನಲ್ಲಿ ಮದ್ಯ ತಯಾರಿಕೆಯ ಶಾಸ್ತ್ರವನ್ನು ಕಲಿತು 1975ರಲ್ಲಿ ತೇರ್ಗಡೆಯಾದರು. ಸ್ವದೇಶಕ್ಕೆ ಬಂದರೆ, ಹೆಂಗಸೆಂಬ ಕಾರಣದಿಂದ ಆ ವೃತ್ತಿ ದೊರೆಯಲಿಲ್ಲ. 1978ರಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದಿಂದ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದರು. ಸಾಲ ಕೊಡಲು ಬ್ಯಾಂಕಿನವರು ಹಿಂಜರಿದರು. ಹೆಂಗಸಿನ ಕೈಕೆಳಗೆ ದುಡಿಯಲು ಜನರೂ ಹಿಂಜರಿದರು. ಅವರು ವಾದಕ್ಕೆ ನಿಲ್ಲದೆ ಪರಂಗಿಯಿಂದ ಪಪೈನೆಂಬ ಕಿಣ್ವವನ್ನು ತೆಗೆಯುವ ಕೆಲಸಕ್ಕೆ ನಿಂತರು. ಕೆಲಸವೇ ಉತ್ತರವಾಯಿತು.

ಅರುಂಧತಿ ಭಟ್ಟಾಚಾರ್ಯ ಅವರು 1977ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾವನ್ನು ಸೇರಿ, 2013ರಲ್ಲಿ ಅದರ ಮೊದಲ ಮಹಿಳಾ ಅಧ್ಯಕ್ಷರಾದರು. ನಡುವೆ ಮಗಳ ವಿದ್ಯಾಭ್ಯಾಸದ ಚಿಂತೆಯಿಂದ ಕೆಲಸವನ್ನೇ ಬಿಡಲು ಯೋಚಿಸಿದ್ದೂ ಉಂಟು. ಆ ಕಷ್ಟವನ್ನು ಉಂಡವರಾದುದರಿಂದಲೇ, ಮಕ್ಕಳ ಅಥವಾ ಹಿರಿಯರ ಆರೈಕೆಗೆ ಸ್ತ್ರೀ ನೌಕರರು ಎರಡು ವರ್ಷಗಳವರೆಗೆ ರಜೆ ಪಡೆಯುವ ವ್ಯವಸ್ಥೆಗೆ ಅವರ ಕಾಲದಲ್ಲಿ ಬೆಂಬಲ ದೊರೆಯಿತೆನ್ನಬಹುದು.

ಸರ್ಕಾರವೂ ನೆರವಾಗಿದೆ. 2013ರ ಕಂಪೆನಿಗಳ ಕಾಯಿದೆಯು ಷೇರುಪೇಟೆಯಲ್ಲಿ ನೋಂದಾಯಿತವಾದ ಪ್ರತಿಯೊಂದು ಕಂಪೆನಿಯ ನಿರ್ದೇಶಕ ಮಂಡಲಿಯಲ್ಲಿ ಒಬ್ಬ ಸ್ತ್ರೀಯಾದರೂ ಇರಬೇಕೆಂದು ವಿಧಿಸಿತು. 2017ರ ತಿದ್ದುಪಡಿಯು ಹೆರಿಗೆ ರಜೆಯನ್ನು ಮೊದಲ ಎರಡು ಮಕ್ಕಳಿಗೆ 26 ವಾರಗಳಿಗೆ ಏರಿಸಿತು. ಆದರೆ ಕಾಯಿದೆಯು ಕುರ್ಚಿಯನ್ನು ಕೊಡಬಲ್ಲುದೇ ಹೊರತು ಕುಳಿತವರಿಗೆ ಧೈರ್ಯವನ್ನು ಕೊಡಲಾರದು.

ಆ ಧೈರ್ಯವು ಬೆಳೆಯಬೇಕಾದುದು ಮನೆಯಲ್ಲಿ. ಸಭೆಯಲ್ಲಿ ಹತ್ತು ಜನರ ಕೆಲಸವನ್ನು ನಿರ್ಣಯಿಸಿ ಬಂದ ಸೊಸೆಯ ಮಾತಿಗೆ ಮನೆಯಲ್ಲಿ ಬೆಲೆಯಿಲ್ಲವಾದರೆ, ಮರುದಿನ ಆಕೆಯ ದನಿ ಸಭೆಯಲ್ಲಿಯೂ ಕುಗ್ಗುತ್ತದೆ. ಒಲೆಯ ಮುಂದಿನ ಕೆಲಸವೂ ಕಾಯಕವೇ ಆಗಿರಲು, ಪತಿಯು ಅದರಲ್ಲಿ ಕೈಜೋಡಿಸಿದರೆ ಯಾವ ಕುಂದು? ಅತ್ತೆಯಾದವಳು ಸೊಸೆ ತಡವಾಗಿ ಬಂದಾಗ ಕಾರಣವನ್ನು ಕೇಳುವ ಮೊದಲು ಊಟವಾಯಿತೇ ಎಂದು ಕೇಳಲಿ.

ಉದ್ಯೋಗಸ್ಥ ಸಹೋದರಿಯರು ಮೂರು ನಿಯಮಗಳನ್ನು ಪಾಲಿಸುವುದು ಹಿತ. ಮಾಡಿದ ಕೆಲಸವನ್ನು ದಿನಂಪ್ರತಿ ಬರೆದಿಡಬೇಕು. ಸಂಶಯ ಮೂಡಿದಾಗ ಅದೇ ಸಾಕ್ಷಿ. ತಿಳಿದ ವಿಷಯವನ್ನು ಸಭೆಯಲ್ಲಿ ನುಡಿಯದೆ ಏಳಬಾರದು. ತಾನು ಏರಿದ ಮೆಟ್ಟಿಲಿಗೆ ಕಿರಿಯಳೊಬ್ಬಳನ್ನು ಕೈಹಿಡಿದು ತರಬೇಕು. ಕೆಲಸವನ್ನು ನಂಬಿದವರಿಗೆ ಪರರ ಹೊಗಳಿಕೆ ತೆಗಳಿಕೆಗಳು ಬಂದು ಹೋಗುವ ಗಾಳಿಯಂತೆ. ಇದನ್ನರಿತು ಹೆಣ್ಣುಮಕ್ಕಳು ನಡೆಯಲಿ. ಅವರು ನಡೆಯುವ ದಾರಿಯಲ್ಲಿ ಮನೆಯವರು ಮುಳ್ಳಾಗದಿರಲಿ.