ಬೈಕಿನಿಂದ ಬಿದ್ದಾಗ ‘ಏನೂ ಆಗಿಲ್ಲ’ ಎನ್ನಬೇಡಿ

ಹೀಗೊಂದು ಪ್ರಸಂಗ ಊಹಿಸಿಕೊಳ್ಳಿ. ಹಂಪಸಾಗರದ ರೈತನೊಬ್ಬ ಹಗರಿಬೊಮ್ಮನಹಳ್ಳಿಯಿಂದ ರಾತ್ರಿ ಬೈಕಿನಲ್ಲಿ ಊರಿಗೆ ಮರಳುತ್ತಿದ್ದಾನೆ. ಹಿಂಬದಿ ದೀಪವಿಲ್ಲದೆ ರಸ್ತೆಯಲ್ಲಿ ನಿಂತ ಟ್ರ್ಯಾಕ್ಟರ್ ಟ್ರೇಲರಿಗೆ ಡಿಕ್ಕಿ ಹೊಡೆದು ಬೀಳುತ್ತಾನೆ. ಕ್ಷಣಕಾಲ ಎಚ್ಚರ ತಪ್ಪಿದರೂ ಎದ್ದು ಕುಳಿತು ಮಾತನಾಡುತ್ತಾನೆ. ‘ದೇವರು ದೊಡ್ಡವನು, ಏನೂ ಆಗಿಲ್ಲ’ ಎನ್ನುತ್ತಾರೆ ಸೇರಿದವರು. ಟ್ರ್ಯಾಕ್ಟರಿನವರು ಖರ್ಚಿಗೆ ಒಂದಿಷ್ಟು ಹಣ ಕೊಟ್ಟು ರಾಜಿಯಾಗುತ್ತಾರೆ. ಬೆಳಗಿನ ಜಾವ ವಾಂತಿ. ಆಮೇಲೆ ಎಬ್ಬಿಸಿದರೆ ಏಳುವುದಿಲ್ಲ.

ಒಳಗೆ ಆಗುವುದೇನು?

ತಲೆಬುರುಡೆ ಮತ್ತು ಮಿದುಳಿನ ಹೊರಪೊರೆಯ ನಡುವೆ ರಕ್ತನಾಳ ಹರಿದರೆ ರಕ್ತ ಅಲ್ಲೇ ಶೇಖರವಾಗುತ್ತದೆ. ಬುರುಡೆ ಹಿಗ್ಗುವುದಿಲ್ಲವಾದ್ದರಿಂದ ಮಿದುಳು ಅದುಮಿಹೋಗುತ್ತದೆ. ಕೆಲವು ಗಂಟೆ ರೋಗಿ ಚೆನ್ನಾಗಿಯೇ ಇರುವಂತೆ ಕಾಣುವುದು ಈ ಗಾಯದ ಮೋಸ. ಸಕಾಲದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿ ಶಸ್ತ್ರಚಿಕಿತ್ಸೆ ನಡೆಸಿದರೆ ಬಹಳಷ್ಟು ಮಂದಿ ಬದುಕುತ್ತಾರೆ. ಬಿದ್ದಾಗ ಎಚ್ಚರ ತಪ್ಪಿದ್ದರೆ, ತಲೆನೋವು ಹೆಚ್ಚುತ್ತಿದ್ದರೆ, ಪದೇ ಪದೇ ವಾಂತಿ, ಮಂಪರು, ಫಿಟ್ಸ್, ಕೈಕಾಲು ಸೋಲುವುದು, ಕಿವಿ-ಮೂಗಿನಿಂದ ರಕ್ತ ಅಥವಾ ನೀರು ಬರುವುದು ಕಂಡರೆ ತಡಮಾಡಬಾರದು.

ಕಾರಣಗಳು

ವೇಗ ಮತ್ತು ಕುಡಿತ ಎಲ್ಲ ಕಡೆಯ ಕಾರಣಗಳು. ನಮ್ಮ ಭಾಗದಲ್ಲಿ ಇವುಗಳ ಜೊತೆಗೆ ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರವಿದ ಬೆಳೆ, ದೀಪವಿಲ್ಲದ ಟ್ರೇಲರ್, ಅಡ್ಡಬರುವ ದನಕರು, ಒಂದೇ ಬೈಕಿನಲ್ಲಿ ಮೂವರ ಸವಾರಿ, ಚಕ್ರಕ್ಕೆ ಸಿಲುಕುವ ಸೆರಗು ಸೇರುತ್ತವೆ. ಕೊಟ್ಟೂರು ತೇರಿನ ಸಮಯದಲ್ಲಿ ರಾತ್ರಿ ನಡೆದು ಬರುವ ಭಕ್ತರ ಬಗ್ಗೆಯೂ ಸವಾರರು ಎಚ್ಚರ ವಹಿಸಬೇಕು. ಐ.ಎಸ್.ಐ. ಗುರುತಿನ ಹೆಲ್ಮೆಟ್ಟನ್ನು ಪಟ್ಟಿ ಬಿಗಿದು ಧರಿಸಬೇಕು. ರಾಜ್ಯದಲ್ಲಿ 2016ರಿಂದ ಹಿಂದೆ ಕುಳಿತವರಿಗೂ ಅದು ಕಡ್ಡಾಯ.

ತಕ್ಷಣ ಮಾಡಬೇಕಾದುದು

* 108ಕ್ಕೆ ಕರೆ ಮಾಡಿ. ನೆರವಾದವರನ್ನು ಸಾಕ್ಷಿಯಾಗೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಕಾನೂನು ಅವರಿಗೆ ರಕ್ಷಣೆ ಕೊಟ್ಟಿದೆ.
* ಕತ್ತು, ಬೆನ್ನು ತಿರುಚದಂತೆ ನೋಡಿಕೊಳ್ಳಿ. ಉಸಿರಾಟ ಸರಿಯಿದ್ದರೆ ಹೆಲ್ಮೆಟ್ ಎಳೆದು ತೆಗೆಯಬೇಡಿ.
* ರಕ್ತ ಸೋರುವಲ್ಲಿ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ.
* ಮಂಪರಿನಲ್ಲಿರುವವರಿಗೆ ನೀರು ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಹೋಗಬಹುದು.
* ಮುರಿದ ಮೂಳೆಗೆ ಎಣ್ಣೆ ಹಚ್ಚಿ ತಿಕ್ಕಬೇಡಿ.

ಪರಿಹಾರಕ್ಕೂ ಆಸ್ಪತ್ರೆಯೇ ಮೊದಲ ಮೆಟ್ಟಿಲು

ಅಪಘಾತವೆಂದು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಿ, ಎಂ.ಎಲ್.ಸಿ. ದಾಖಲಿಸಿಕೊಳ್ಳುವಂತೆ ಕೇಳಿ. ಗಾಯದ ವಿವರ ಅಂದೇ ಬರಹಕ್ಕೆ ಬಾರದಿದ್ದರೆ, ಅದು ಅಪಘಾತದಿಂದಲೇ ಆಯಿತೆಂದು ಮುಂದೆ ತೋರಿಸುವುದು ಕಷ್ಟ. ಪೊಲೀಸ್ ದೂರಿನ ಪ್ರತಿ, ಬಿಲ್ಲುಗಳು, ಬಿಡುಗಡೆ ಪತ್ರ ಜೋಪಾನವಾಗಿಡಿ. ಅಂಗವೈಕಲ್ಯ ಉಳಿದರೆ ಅದರ ಪ್ರಮಾಣಪತ್ರವೂ ಬೇಕು.

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿಯನ್ನು ತಾವು ವಾಸಿಸುವ ಪ್ರದೇಶದಲ್ಲಿಯೇ ಸಲ್ಲಿಸಬಹುದು. 2022ರ ಏಪ್ರಿಲ್‌ನಿಂದ ಜಾರಿಯಾದ ನಿಯಮದಂತೆ ಆರು ತಿಂಗಳೊಳಗೆ ಸಲ್ಲಿಸಬೇಕು. ಸವಾರನ ತಪ್ಪೂ ಇದ್ದರೆ ಪರಿಹಾರದಲ್ಲಿ ಆ ಪಾಲು ಕಡಿತವಾಗುತ್ತದೆ. ತಪ್ಪು ಯಾರದೆಂದು ಸಾಬೀತುಪಡಿಸದೆಯೂ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಲು 164ನೇ ಕಲಂನಲ್ಲಿ ಅವಕಾಶವಿದೆ. ಡಿಕ್ಕಿ ಹೊಡೆದು ಪರಾರಿಯಾದ ವಾಹನ ಪತ್ತೆಯಾಗದಿದ್ದರೆ ಸರ್ಕಾರದ ಯೋಜನೆಯಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಇದೆ. 2025ರಲ್ಲಿ ಬಂದ ಕೇಂದ್ರದ ಯೋಜನೆಯಂತೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮೊದಲ ಏಳು ದಿನ, 1.5 ಲಕ್ಷದವರೆಗೆ, ಹಣ ಕಟ್ಟದೆ ಚಿಕಿತ್ಸೆ ಪಡೆಯಬಹುದು.

ಇನ್ನೊಂದು ಮಾತು. ಬೈಕಿಗೆ ಬರೀ ‘ಥರ್ಡ್ ಪಾರ್ಟಿ’ ವಿಮೆ ಇದ್ದು, ಓಡಿಸಿದವರ ತಪ್ಪಿನಿಂದಲೇ ಬಿದ್ದರೆ, ಹಿಂದೆ ಕುಳಿತ ಮಡದಿಗೋ ಮಗಳಿಗೋ ಆ ವಿಮೆಯಿಂದ ಸಾಮಾನ್ಯವಾಗಿ ಪರಿಹಾರ ದೊರೆಯದು. ವಿಮೆ ಕಟ್ಟುವಾಗಲೇ ಇದನ್ನು ವಿಚಾರಿಸಿ.

ಆ ರೈತನನ್ನು ರಾತ್ರಿಯೇ ಆಸ್ಪತ್ರೆಗೆ ಸೇರಿಸಿದ್ದರೆ ಅವನ ಜೀವ ಉಳಿಯುವ ಅವಕಾಶವಿತ್ತು, ಮನೆಯವರ ಹಕ್ಕಿಗೂ ದಾಖಲೆ ಇರುತ್ತಿತ್ತು. ‘ಏನೂ ಆಗಿಲ್ಲ’ ಎಂಬ ಮಾತನ್ನು ಪರೀಕ್ಷಿಸಿದ ವೈದ್ಯರು ಹೇಳಲಿ.